ಸುಂಟರಗಾಳಿಯಲ್ಲಿ ಸೀನಿದ ಕಂಬ

ನಾನು ಅಪ್ಪಿಕೊಂಡಿದ್ದು ಕಂಬವನ್ನಲ್ಲ ಎಂದು ನನಗೆ ತಿಳಿದದ್ದು ಕಂಬ ಸೀನಿದಾಗ.

ಅಲ್ಲಿಯವರೆಗೆ ಯಾವ ಸಂಶಯವೂ ಬಂದಿರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದೆ. ಕಿವಿಯ ತುಂಬ ಗಾಳಿಯ ಭೋರ್ಗರೆತ. ತಗಡಿನ ಶೀಟುಗಳು ಎಲ್ಲಿಂದಲೋ ಹಾರಿ ಎಲ್ಲೋ ಬೀಳುವ ಸದ್ದು. ತಲೆಯ ಮೇಲೆ ಏನೋ ಒತ್ತಿತ್ತು, ಹಾರಿ ಬಂದ ಚೀಲವಿರಬೇಕು ಎಂದುಕೊಂಡಿದ್ದೆ. ಕೈಗೆ ಸಿಕ್ಕಿದ್ದನ್ನು ಎರಡೂ ತೋಳುಗಳಿಂದ ಸುತ್ತಿ ಹಿಡಿದು, ಯಾವ ದೇವರ ಹೆಸರೂ ನೆನಪಾಗದೆ, ಇಲಾಖೆಯ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಭೂಕಂದಾಯದ ಕಲಮುಗಳನ್ನು ಜಪಿಸುತ್ತಿದ್ದೆ.

"ಆಕ್ಷೀ!" ಎಂದಿತು ಕಂಬ. ಆಮೇಲೆ, "ಬಿಡಬ್ಯಾಡ್ರಿ, ಗಟ್ಟಿ ಹಿಡ್ಕೋರಿ," ಎಂದಿತು.

ನಾನು ಬಿಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮರುದಿನದ ಫಜೀತಿಗೆಲ್ಲ ಇದೇ ಮೂಲ.

ಅದು ಎರಡು ಸಾವಿರದ ಏಳನೆಯ ಇಸವಿಯ ಮಾರ್ಚ್ ತಿಂಗಳು. ನಾನು ಬ್ಯಾಡಗಿಯಲ್ಲಿ ತಲಾಠಿ. ಕಾಗದಪತ್ರಗಳಲ್ಲಿ ಗ್ರಾಮ ಲೆಕ್ಕಾಧಿಕಾರಿ ನಾಗರತ್ನಾ, ಬಿ.ಎ. ಸೇವೆ ಇನ್ನೂ ಕಾಯಂ ಆಗಿರಲಿಲ್ಲ. ಹಾವೇರಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಸ್ವಭಾವತಃ ಹೆದರುವವಳು. ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತೇನೆ, ಗ್ಯಾಸ್ ಬಂದ್ ಮಾಡಿ ಎರಡು ಸಲ ಮೂಸುತ್ತೇನೆ. ಹೊರಗೆ ಹೊರಡುವ ಮುಂಚೆ ಆಕಾಶವನ್ನೂ ನೋಡುತ್ತೇನೆ. ಅವತ್ತು ಮಾತ್ರ ನೋಡಿರಲಿಲ್ಲ.

ಊರ ಹೊರಗೆ ಸಾವ್ಕಾರರೊಬ್ಬರ ಮೆಣಸಿನಕಾಯಿ ಕಣ. ನೋಟೀಸೊಂದಕ್ಕೆ ಸಹಿ ತೆಗೆದುಕೊಳ್ಳಲು ಹೋಗಿದ್ದೆ. ಕಣ್ಣು ಹಾಯುವಷ್ಟು ದೂರ ಒಣಮೆಣಸಿನಕಾಯಿ ಹರಡಿತ್ತು. ಮಟಮಟ ಮಧ್ಯಾಹ್ನ. ಮೊದಲು ಒಂದು ಹುಲ್ಲುಕಡ್ಡಿ ಎದ್ದು ನಿಂತು ಕುಣಿಯಿತು. ಅದರ ಸುತ್ತ ಒಂದಷ್ಟು ಧೂಳು. ಕುಣಿಯುತ್ತ ಕುಣಿಯುತ್ತ ಅದು ಮೆಣಸಿನಕಾಯಿಯೊಳಗೆ ಕಾಲಿಟ್ಟಿತು.

ಆಮೇಲೆ ನೋಡಿದ್ದನ್ನು ಇವತ್ತಿಗೂ ಮರೆತಿಲ್ಲ. ಇಡೀ ಕಣದ ಕೆಂಪು ಬಣ್ಣವೇ ನೆಲ ಬಿಟ್ಟು ಮೇಲೆದ್ದಿತು. ಬುಡದಲ್ಲಿ ಸಣ್ಣಗೆ, ಮೇಲೆ ಹರಡಿಕೊಂಡು, ಸೂರ್ಯನ ಬೆಳಕಿನಲ್ಲಿ ಹೊಳೆಯುತ್ತ ತಿರುಗುವ ಕೆಂಪು ಸುಂಟರಗಾಳಿ. ಎಷ್ಟು ಚೆಂದವಿತ್ತೆಂದರೆ ನಾನು ಹೆದರುವುದನ್ನೇ ಮರೆತು ನಿಂತೆ. ಅಷ್ಟರಲ್ಲಿ ಅದರ ಖಾರ ಬಂದು ಕಣ್ಣಿಗೆ ಬಡಿಯಿತು.

ಕಂಬ ಸಿಕ್ಕಿದ್ದು ಆಗ.

ಗಾಳಿ ಹೋದ ಮೇಲೆ ಇಡೀ ಕಣ ಸೀನುತ್ತಿತ್ತು. ಮೆಣಸಿನಕಾಯಿಯ ತುಂಬು, ಎಂದರೆ ತೊಟ್ಟು, ಬಿಡಿಸುವ ಹೆಂಗಸರು ಸೀನುತ್ತಿದ್ದರು, ಹಮಾಲರು ಸೀನುತ್ತಿದ್ದರು. ರಸ್ತೆಯಾಚೆಯ ಚಹಾದಂಗಡಿಯ ನಾಸೀರ ಸೀನುತ್ತಲೇ ಓಡಿ ಬಂದು ನಮ್ಮಿಬ್ಬರ ಕೈಗೂ ಮಜ್ಜಿಗೆಯ ಚೊಂಬು ಕೊಟ್ಟ.

"ಕಣ್ಣಿಗೆ ಹಾಕ್ಕೋರಿ, ಉರಿ ಕಡಿಮಿ ಆಗತೈತಿ."

ಮಜ್ಜಿಗೆಯ ಹನಿಗಳಾಚೆ ಕಂಬ ನಿಧಾನವಾಗಿ ಮನುಷ್ಯನಾಯಿತು. ಎತ್ತರದ ಆಳು. ಕಣ್ಣು ಎರಡೂ ಮೆಣಸಿನಕಾಯಿ ಬಣ್ಣ. ಮೂಗಿನ ತುದಿ ಅದಕ್ಕಿಂತ ಒಂದು ಕೈ ಮೇಲು. ಮೀಸೆಯಲ್ಲಿ ಒಂದು ಮೆಣಸಿನ ಬೀಜ ಸಿಕ್ಕಿಕೊಂಡಿತ್ತು. ಅದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಲೇ ನಾನು ಅವರ ಮುಖವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದೆ.

"ನಾ ಕಂಬ ಅಂತ ತಿಳದಿದ್ದೆ ರೀ," ಎಂದೆ.

"ಮಂದಿ ನನಗ ಏನೇನೋ ಅಂದಾರ್ರಿ. ಕಂಬ ಅಂದಾವ್ರು ನೀವ ಮೊದಲು."

"ಸಾರಿ ರೀ."

"ಸಾರಿ ಯಾಕ್ರಿ? ಖರೇ ಕಂಬ ಎರಡು ಮುರದು ಬಿದ್ದಾವು ನೋಡ್ರಿ ಅಲ್ಲಿ. ಈ ಕಂಬ ನಿಂತೈತಿ. ನೀವು ಹಿಡದಿದ್ದಕ್ಕ ಉಳದೈತಿ."

ನಗು ಬಂತು. ಅದರ ಹಿಂದೆಯೇ ಸೀನು ಬಂತು. ಒಟ್ಟಿಗೆ ಬಂದಿದ್ದರಿಂದ ಆದ ಸದ್ದು ಅಷ್ಟೇನೂ ಸುಂದರವಾಗಿರಲಿಲ್ಲ.

"ನಿಮ್ಮ ಹೆಸರೇನ್ರಿ?"

"ಪ್ರೇಮಕುಮಾರ."

"ಚಾಷ್ಟಿ ಬ್ಯಾಡ್ರಿ. ಖರೇ ಹೆಸರು ಹೇಳ್ರಿ."

"ಅಯ್ಯ, ಖರೇನ ಅದ ಐತ್ರಿ! ನಮ್ಮೂರು ಮೇಡ್ಲೇರ್ಯಾಗ ನಮ್ಮಪ್ಪ ಲಕ್ಕಪ್ಪ ಅಂತ ಅದಾನ, ಬೇಕಾದ್ರ ಅವನ್ನ ಕೇಳ್ರಿ. ಈ ಹೆಸರು ಇಟ್ಟಾಂವ ಅವನ. ಸಾಲ್ಯಾಗ ಹಾಜರಿ ತಗೊಂಡಾಗೆಲ್ಲ ಅನುಭವಿಸಿದಾಂವ ನಾನು."

ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸ. ಕಣದಿಂದ ಕಣಕ್ಕೆ ತಿರುಗಿ, ಕಾಯಿ ಒಡೆದು, ಬೀಜ ನೋಡಿ ಆರಿಸುವುದು. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತಂತೆ. "ನಿಮ್ಮಂಗ ನಾನೂ ಇನ್ನೂ ಕಾಯಂ ಇಲ್ರಿ," ಎಂದರು. ನಾನು ಕಾಯಂ ಆಗಿಲ್ಲವೆಂದು ಅವರಿಗೆ ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ, "ಗಾಳ್ಯಾಗ ನೀವ ಹೇಳಿದ್ರಿ. ಕಲಮುಗಳ ನಡುವ. 'ಯಪ್ಪಾ, ಕಾಯಂ ಆಗೋ ಮೊದಲ ಸಾಯಾಕತ್ತೇನಿ' ಅಂತ," ಎಂದರು.

ಬಸ್ಸಿನಲ್ಲಿ ಹಾವೇರಿಯವರೆಗೂ ನನ್ನ ಮುಖದ ಉರಿ ಇಳಿಯಲಿಲ್ಲ. ಖಾರದ್ದು ಎಂದುಕೊಂಡೆ.

ಮನೆಯಲ್ಲಿ ಅವ್ವ, ಮೈಲವ್ವ, ನನ್ನನ್ನು ಹೊಸ್ತಿಲ ಹೊರಗೇ ನಿಲ್ಲಿಸಿದಳು.

"ಏನ ಇದು ಅವತಾರ? ಅತ್ತೀಯೇನ?"

"ಗಾಳಿ ಬಂದಿತ್ತವಾ. ಕಣ್ಣಾಗ ಖಾರ ಬಿತ್ತು."

"ಅಳಾವ್ರು ನಗೂದಿಲ್ಲ. ನೀ ಎರಡೂ ಮಾಡಾಕತ್ತಿ. ದೃಷ್ಟಿ ಆಗೈತಿ, ನಿಲ್ಲು."

ಅವ್ವ ಒಲೆಯ ಮುಂದೆ ಕೂರಿಸಿ, ಐದು ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಕೂತವರ ಮೂಗಿಗೆ ಘಾಟು ಬಂದರೆ ದೃಷ್ಟಿ ಇಲ್ಲ, ಬರದಿದ್ದರೆ ಇದೆ ಎಂಬುದು ಅವಳ ಲೆಕ್ಕ. ಪಡಸಾಲೆಯಲ್ಲಿದ್ದ ಅಪ್ಪ ಕೆಮ್ಮಿದ, ಪಕ್ಕದ ಮನೆಯವರು ಕೆಮ್ಮಿದರು, ಅವ್ವನೂ ಕೆಮ್ಮಿದಳು. ಮಧ್ಯಾಹ್ನ ಒಂದು ಕಣದಷ್ಟು ಖಾರ ಕುಡಿದಿದ್ದ ನನ್ನ ಮೂಗಿಗೆ ಮಾತ್ರ ಏನೂ ತಿಳಿಯಲಿಲ್ಲ.

"ಯವ್ವಾ!" ಎಂದು ಅವ್ವ ಕಣ್ಣು ಅಗಲಿಸಿದಳು. "ಭಾಳ ಗಟ್ಟಿ ದೃಷ್ಟಿ. ಯಾರೋ ಒಬ್ರು ಎವಿ ಬಡೀದ ನೋಡ್ಯಾರ."

ಯಾರು ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಕಂದಾಯ ನಿರೀಕ್ಷಕರು, ನಮ್ಮ ಬಾಯಲ್ಲಿ ಆರ್.ಐ. ಸಾಹೇಬರು, ವಿರೂಪಾಕ್ಷಪ್ಪನವರ ಫೋನು. "ಕಣದ ಪಂಚನಾಮೆ ಮಾಡ್ರಿ. ಕಣ್ಣಾರೆ ಕಂಡವರ ಹೇಳಿಕೆ ಬರಕೋರಿ. ಮೂರು ಗಂಟೆಕ್ಕ ನಾ ಬಂದು ಎಲ್ಲಾರ ಮುಂದ ಓದಿ ಸಹಿ ತಗೋತೇನಿ." ವಿರೂಪಾಕ್ಷಪ್ಪನವರು ಓದುವುದೆಂದರೆ ಪಕ್ಕದ ಊರಿಗೂ ಕೇಳುವಂತೆ ಓದುವುದು.

ಕಣದ ಮೂಲೆಯ ಬೇವಿನ ನೆರಳಲ್ಲಿ ಮೇಜು ಹಾಕಿಸಿಕೊಂಡು ಕೂತೆ. ತಪ್ಪಾಗಬಾರದೆಂಬ ಹೆದರಿಕೆಯಲ್ಲಿ ಎಲ್ಲರಿಗೂ ಒಂದೇ ಮಾತು ಹೇಳಿದೆ: "ಏನೂ ಬಿಡಬ್ಯಾಡ್ರಿ. ನೋಡಿದ್ದು ನೋಡಿದಂಗ ಎಲ್ಲಾ ಹೇಳ್ರಿ." ನಾನು ಮಾಡಿದ ತಪ್ಪು ಅದೇ.

ಮೊದಲು ನಾಸೀರ. "ಆನಿ ಸೊಂಡಿ ಇದ್ದಂಗ ಇತ್ರಿ ಮೇಡಂ. ಮ್ಯಾಲಿಂದ ಇಳದು ಮೆಣಸಿನಕಾಯಿ ಹೀರತಿತ್ತು. ಬಂದಿದ್ದು ರಾಣೆಬೆನ್ನೂರ ಕಡಿಂದ."

ಎರಡನೆಯವನು ಕಣದ ಕಾವಲುಗಾರ ಫಕ್ಕೀರಪ್ಪ. "ರಾಣೆಬೆನ್ನೂರ ಕಡಿಂದ ಅಲ್ಲೇ ಅಲ್ರಿ, ಹಾವೇರಿ ಕಡಿಂದ. ಹತ್ತು ತೆಂಗಿನಮರ ಒಂದರ ಮ್ಯಾಲ ಒಂದು ನಿಲ್ಲಿಸಿದ್ರ ಎಷ್ಟ ಎತ್ತರ, ಅಷ್ಟು."

ಮೂರನೆಯವಳು ತುಂಬು ಬಿಡಿಸುವ ಗುತ್ತೆವ್ವ. ಎಪ್ಪತ್ತರ ಆಚೆಯ ಮುದುಕಿ. "ಅದು ಗಾಳಿ ಅಲ್ಲ ತಾಯಿ, ಹೆಣ್ಣು. ಕೆಂಪು ಸೀರಿ ಉಟ್ಟು, ಕೂದಲಾ ಬಿಚ್ಚಿಕೊಂಡು ಗಿರಗಿರ ತಿರುಗಿದ್ಲು. ಯಾ ಕಡಿಂದ ಬಂದ್ಲು ಅಂತ ಆಕಿನ್ನ ಕೇಳಬೇಕು."

ಆನೆಯ ಸೊಂಡಿಲು, ತೆಂಗಿನಮರ, ಹೆಂಗಸು. ಮೂವರು ಕಂಡದ್ದು ಮೂರು ಬಗೆ. ಆದರೆ ಒಂದು ವಿಷಯದಲ್ಲಿ ಮೂವರ ಹೇಳಿಕೆಯೂ ಕೂದಲೆಳೆಯಷ್ಟೂ ತಪ್ಪದೆ ಹೊಂದಿತ್ತು.

"ಮತ್ತ ನೀವು ಆ ಬೀಜದ ಹುಡುಗನ್ನ ತೆಕ್ಕಿ ಬಡಕೊಂಡು ನಿಂತಿದ್ರಿ," ಎಂದ ನಾಸೀರ.

"ತಲಾಠಿ ಬಾಯಾರು ಆ ಉದ್ದನ್ನ ಹುಡುಗನ್ನ ಬಿಗಿ ಹಿಡದಿದ್ರು," ಎಂದ ಫಕ್ಕೀರಪ್ಪ.

"ಬಳ್ಳಿ ಹಬ್ಬಿದಂಗ ಹಬ್ಬಿದ್ದಿಯವ್ವ ನೀನು," ಎಂದಳು ಗುತ್ತೆವ್ವ. "ನೋಡಾಕ ಚೊಲೋ ಇತ್ತು."

ನಾನು ಪೆನ್ನು ಕೆಳಗಿಟ್ಟೆ. "ಅದು ಪಂಚನಾಮೆಗೆ ಬೇಕಾಗಿಲ್ರಿ," ಎಂದೆ.

"ಏನೂ ಬಿಡಬ್ಯಾಡ್ರಿ ಅಂದ್ರೆಲ್ಲ?"

"ಅದೊಂದು ಬಿಡ್ರಿ. ದಯಮಾಡಿ. ಯಾರಿಗೂ ಹೇಳಬ್ಯಾಡ್ರಿ."

ಮೂವರೂ ನನ್ನ ಮುಖ ನೋಡಿ, ಮರುಕಪಟ್ಟು, ಆಣೆ ಇಟ್ಟರು. ಮಾತು ಆರಿಸುವುದರಲ್ಲಿ ನಾನು ನಿಪುಣೆ. ಮೂರೂ ಹೇಳಿಕೆಗಳಲ್ಲಿ ಹೀಗೆ ಬರೆದೆ: 'ಸದರಿ ಸಮಯದಲ್ಲಿ ಸ್ಥಳದಲ್ಲಿ ಇತರರೂ ಇದ್ದರು.'

ನಾಲ್ಕನೆಯ ಹೇಳಿಕೆಗೆ ಪ್ರೇಮಕುಮಾರ ಬಂದು ಕುಳಿತರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಕಣ್ಣಿನ ಕೆಂಪು ಇಳಿದಿತ್ತು. ಖಾರವಿಲ್ಲದ ಆ ಕಣ್ಣುಗಳು ಜೇನಿನ ಬಣ್ಣದವು ಎಂದು ಕಾಣುತ್ತಲೇ ನಾನು ಕಾಗದದತ್ತ ಬಾಗಿದೆ.

"ಹೆಸರು?"

"ಗೊತ್ತಿದ್ದೂ ಕೇಳತೀರಿ."

"ಬರಕೊಳ್ಳೂ ಪದ್ಧತಿ ಐತ್ರಿ."

"ಪ್ರೇಮಕುಮಾರ. ದಪ್ಪ ಅಕ್ಷರದಾಗ ಬರೀರಿ."

"ಗಾಳಿ ಬಂದಾಗ ನೀವು ಎಲ್ಲಿದ್ರಿ?"

ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಹಾಸ್ಯ ಮುಖದಿಂದ ಜಾರಿ, ಅದರ ಹಿಂದೆ ಇನ್ನೇನೋ ಇಣುಕಿ ಹೋಯಿತು.

"ನಾನು ನಾಸೀರನ ಚಾ ಅಂಗಡ್ಯಾಗ ಇದ್ದೆರಿ. ದೂರಿಂದ ನೋಡಿದೆ. ಕಣದಾಗ ಯಾರಿದ್ರೋ ಗೊತ್ತಿಲ್ಲ."

ಬರೆದುಕೊಂಡೆ. ನನಗೆ ಬೇಕಾಗಿದ್ದದ್ದೂ ಅದೇ ಅಲ್ಲವೇ? ಆದರೂ ಹಿತವೆನಿಸಲಿಲ್ಲ. ಯಾರಿದ್ದರೋ ಗೊತ್ತಿಲ್ಲವಂತೆ! ರಾತ್ರಿಯೆಲ್ಲ ನನ್ನ ತೋಳುಗಳು ಆ ಎದೆಯ ಅಳತೆಯನ್ನು ಮರೆಯದೆ ಇಟ್ಟುಕೊಂಡಿದ್ದವು. ಈ ಮನುಷ್ಯ ಎಷ್ಟು ಸಲೀಸಾಗಿ ಚಹಾದಂಗಡಿಗೆ ಹೋಗಿ ಕುಳಿತುಬಿಟ್ಟ.

"ಆತು, ಹೋಗ್ರಿ," ಎಂದೆ. ದನಿ ಬೇಕಾದ್ದಕ್ಕಿಂತ ಒರಟಾಗಿತ್ತು.

ಮೂರು ಗಂಟೆಗೆ ವಿರೂಪಾಕ್ಷಪ್ಪನವರು ಬಂದರು. ಕಣದ ಸಾವ್ಕಾರರೂ ಬಂದರು. ಎಲ್ಲರೂ ಸುತ್ತ ನೆರೆದರು. ಆರ್.ಐ. ಸಾಹೇಬರು ಕನ್ನಡಕ ಏರಿಸಿ ಹೇಳಿಕೆಗಳನ್ನು ಓದಿದರು. ಆನೆಯ ಸೊಂಡಿಲಿಗೆ ಯಾರೂ ಆಕ್ಷೇಪಿಸಲಿಲ್ಲ, ಕೆಂಪು ಸೀರೆಯ ಹೆಣ್ಣಿಗೂ ಇಲ್ಲ. ಸಹಿ ಹಾಕಿಸಿ ಏಳುವಷ್ಟರಲ್ಲಿ ಸಾವ್ಕಾರರು ಗಂಟಲು ಸರಿಪಡಿಸಿಕೊಂಡರು.

"ಗಾಳಿ ಬಂತು, ಒಪ್ಪಿದೆ. ಆದ್ರ ಚೀಲದ ಮ್ಯಾಲಿನ ತಾಡಪತ್ರಿ ಹಾರೇತಿ. ಅದರ ಹಗ್ಗ ಗೂಟದಾಗ ಇಲ್ಲ. ಗಾಳಿ ಬಂದು ಗಂಟು ಬಿಚ್ಚತೈತೇನ್ರಿ? ಕಳವು ಮಾಡಾಕ ಯಾರೋ ಬಿಚ್ಚ್ಯಾರ."

ಎಲ್ಲರ ಕಣ್ಣು ಕಾವಲುಗಾರನತ್ತ ಹೊರಳಿತು. ಫಕ್ಕೀರಪ್ಪ ಬೆವರಿದ. "ನಾ ಗಾಳಿ ಏಳೂ ಹೊತ್ತಿಗೆ ನೋಡೇನ್ರಿ, ಹಗ್ಗ ಗಟ್ಟಿ ಇತ್ತು! ಬಿಚ್ಚಿದ್ರ ಗಾಳ್ಯಾಗ ಬಿಚ್ಚ್ಯಾರ. ಚೀಲದ ಹತ್ರ ಇದ್ದಾಂವ ಈ ಬೀಜದ ಕಂಪನಿ ಹುಡುಗ."

"ಏನಪಾ?" ಎಂದರು ಆರ್.ಐ. ಸಾಹೇಬರು. "ನೀ ಚಾ ಅಂಗಡ್ಯಾಗ ಇದ್ದೆ ಅಂತ ಬರಸೀದಿ. ನಾಸೀರ, ಇದ್ದನೇನು?"

ನಾಸೀರ ನನ್ನನ್ನು ನೋಡಿದ. ಆಣೆ ಇಟ್ಟವನು. ಪಾಪ, ಅತ್ತಲೂ ಹೋಗಲಾರ, ಇತ್ತಲೂ ಬರಲಾರ. "ನನ್ನ ಅಂಗಡ್ಯಾಗ... ಅಂವ ಬೆಳಿಗ್ಗೆ ಚಾ ಕುಡದಿದ್ರಿ," ಎಂದ.

"ನಾ ಕೇಳಿದ್ದು ಗಾಳಿ ಬಂದಾಗ."

"ಇರಲಿಲ್ರಿ."

"ಅಂದ್ರ ಸುಳ್ಳು ಹೇಳಿಕೆ." ಆರ್.ಐ. ಸಾಹೇಬರ ದನಿ ತಣ್ಣಗಾಯಿತು. ಇವತ್ತೇ ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ, ಅವನ ಕಂಪನಿಗೂ ಫೋನ್ ಮಾಡುತ್ತೇನೆ ಎಂದು ಸಾವ್ಕಾರರು ಜೇಬಿನಿಂದ ಮೊಬೈಲ್ ತೆಗೆದರು. ಆರು ತಿಂಗಳ ನೌಕರಿ. ಒಂದು ಫೋನು ಸಾಕಿತ್ತು.

ಪ್ರೇಮಕುಮಾರ ನನ್ನತ್ತ ನೋಡಲಿಲ್ಲ. ನೋಡಿದರೆ ಎಲ್ಲಿ ಉಳಿದವರೂ ನೋಡಿಬಿಡುತ್ತಾರೋ ಎಂಬಂತೆ ದೂರದ ರಸ್ತೆಯನ್ನೇ ನೋಡುತ್ತಿದ್ದರು. ಆಗ ನನಗೆ ಹೊಳೆಯಿತು. ಈ ಮನುಷ್ಯ ಚಹಾದಂಗಡಿಗೆ ಹೋಗಿ ಕುಳಿತದ್ದು ನನ್ನ ಹೆಸರನ್ನು ಕಾಗದದಿಂದ ದೂರ ಇಡಲು. ನನಗೆ ಬೇಕಾದ ಸುಳ್ಳನ್ನು ನಾನು ಕೇಳುವ ಮೊದಲೇ ಹೇಳಿ, ಅದರೊಳಗೆ ತಾವೇ ಸಿಕ್ಕಿಕೊಂಡಿದ್ದರು.

ನಾಸೀರ ಕೆಮ್ಮಿದ. ಗುತ್ತೆವ್ವ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಆಣೆ ಇಟ್ಟವರು ಯಾರೂ ಬಾಯಿ ಬಿಡುವುದಿಲ್ಲ. ಬಿಡಬೇಕಾದವಳು ನಾನೇ.

ಬಿಟ್ಟರೆ ಈ ಕಾಗದ ತಾಲೂಕು ಕಚೇರಿಗೆ ಹೋಗುತ್ತದೆ. ಅಲ್ಲಿನ ಗುಮಾಸ್ತರು ಓದುತ್ತಾರೆ. ಸಂಜೆಯೊಳಗೆ ಸುದ್ದಿ ನನಗಿಂತ ಮೊದಲು ಹಾವೇರಿ ಮುಟ್ಟಿ ಅವ್ವನ ಮುಂದೆ ಕುಳಿತಿರುತ್ತದೆ. ಆದರೂ ಎದ್ದು ನಿಂತೆ.

"ಸರ್, ಅವರು ಹಗ್ಗ ಬಿಚ್ಚಿಲ್ಲ. ಬಿಚ್ಚಾಕ ಆಗ್ತಿರಲಿಲ್ಲ."

"ನಿಮಗ ಹೆಂಗ ಗೊತ್ತು?"

"ಗಾಳಿ ಏಳೂದರಿಂದ ನಿಲ್ಲೂತನಕ ಅವರ ಎರಡೂ ಕೈ ನನ್ನ ತಲಿ ಮ್ಯಾಲೆ ಇದ್ವು ಸರ್. ತಗಡು ಬಡೀಬಾರದು ಅಂತ. ನಾ..." ಉಸಿರು ತೆಗೆದುಕೊಂಡೆ. "ನಾ ಅವರನ್ನ ಅಪ್ಪಿಕೊಂಡು ನಿಂತಿದ್ದೆ. 'ಇತರರು' ಅಂತ ಬರದೇನಲ್ಲ, ಆ ಇತರರು ನಾವಿಬ್ರು."

ಹಮಾಲನೊಬ್ಬ ಸೀನಲು ಹೋದವನು ಮೂಗು ಹಿಡಿದುಕೊಂಡ.

ಆರ್.ಐ. ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಎಷ್ಟು ಹೊತ್ತು?"

"ಗಾಳಿ ನಿಲ್ಲೂತನಕ ಸರ್."

ಗುಟ್ಟನ್ನು ನಾನೇ ಒಡೆದದ್ದನ್ನು ಕಂಡು ನಾಸೀರನಿಗೆ ಆಣೆಯ ಬಂಧನ ಬಿಟ್ಟ ಹಾಗಾಗಿರಬೇಕು. "ಅಲ್ರಿ ಸಾಹೇಬ್ರ, ಗಾಳಿ ಎರಡು ನಿಮಿಷಕ್ಕ ಹೋತು. ಆಮ್ಯಾಲ ನಾ ಮಜ್ಜಿಗಿ ಮಾಡಿ ತಂದೆ. ಮೊಸರು ಕಡದು, ನೀರು ಬೆರಸಿ. ಆಗೂ ಹಂಗ ಇದ್ರು."

"ಖರೇ ಏನ್ರಿ?"

"ಹೌದ್ರಿ ಸರ್," ಎಂದೆ. ಭೂಮಿ ಬಾಯಿ ಬಿಡಲಿಲ್ಲ.

"ಬರೀರಿ," ಎಂದರು. ನನ್ನದೇ ಹೇಳಿಕೆಯನ್ನು ನನ್ನದೇ ಕೈಯಿಂದ ಬರೆದೆ. ಅಪ್ಪಿಕೊಂಡದ್ದು, ಎರಡೂ ಕೈ, ತಲೆ, ಗಾಳಿ ನಿಂತ ಮೇಲೂ. ಸಾವ್ಕಾರರು ಮೊಬೈಲ್ ಜೇಬಿಗಿಟ್ಟರು. "ಹಂಗಾದ್ರ ಹಗ್ಗ ಬಿಚ್ಚಿದಾವ್ರು ಯಾರು?"

"ನಾನಽ," ಎಂದಳು ಗುತ್ತೆವ್ವ.

ಎಲ್ಲರೂ ತಿರುಗಿದರು.

"ನಮ್ಮ ಆಡು ಬೆಳಿಗ್ಗೆ ಕಿತ್ಕೊಂಡು ಓಡ್ತಿತ್ತು. ಕಟ್ಟಾಕ ಹಗ್ಗ ಬೇಕಿತ್ತು, ಒಯ್ದೆ. ಈ ಫಕ್ಕೀರಪ್ಪ ಗಿಡದ ಬುಡಕ್ಕ ಗೊರಕಿ ಹೊಡ್ಯಾಕತ್ತಿದ್ದ. ಕೇಳೂನಂದ್ರ ಏಳಲಿಲ್ಲ."

"ಮೊದಲಽ ಯಾಕ ಹೇಳಲಿಲ್ಲಬೇ?"

"ಗಾಳಿ ಹೆಂಗಿತ್ತು ಅಂತ ಕೇಳಿದ್ರಿ, ಹೇಳಿದೆ. ಹಗ್ಗದ್ದು ಯಾರು ಕೇಳಿದ್ರು?"

ಸಾವ್ಕಾರರು ಫಕ್ಕೀರಪ್ಪನನ್ನು ಕರೆದುಕೊಂಡು ದೂರ ಹೋದರು. ಅಲ್ಲಿಂದ ಬಂದ ಮಾತುಗಳನ್ನು ನಾನು ಬರೆದುಕೊಳ್ಳಲಿಲ್ಲ. ಆರ್.ಐ. ಸಾಹೇಬರು ನನ್ನ ಕಾಗದವನ್ನು ನನ್ನ ಕಡೆಗೆ ಸರಿಸಿ, ಎಂದೂ ಇಲ್ಲದ ಮೆಲುದನಿಯಲ್ಲಿ ಹೇಳಿದರು:

"ಇನ್ನ ಇದು ಬೇಕಾಗಿಲ್ಲವಾ. ಮನೀಗೆ ಗೊತ್ತಾದ್ರ ಸುಮ್ಮನ ತ್ರಾಸು. ಹೊಡದು ಹಾಕಿ ಬಾಜೂಕ ಸಣ್ಣ ಸಹಿ ಮಾಡ್ರಿ."

ಪ್ರೇಮಕುಮಾರ ಮೇಜಿನಾಚೆ ನಿಂತಿದ್ದರು. ಕೈಯಲ್ಲೊಂದು ಒಣಮೆಣಸಿನಕಾಯಿ ಹಿಡಿದು ಅದರ ತುಂಬನ್ನು ಸುಮ್ಮನೆ ತಿರುವುತ್ತಿದ್ದರು. ಮೊದಲ ಬಾರಿಗೆ ಆ ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ.

"ಹೊಡದು ಹಾಕ್ರಿ," ಎಂದರು. "ನಾ ಏನೂ ಅನ್ಕೊಳ್ಳೂದಿಲ್ಲ."

ಏನೂ ಅಂದುಕೊಳ್ಳುವುದಿಲ್ಲ ಎಂದವರ ಬೆರಳುಗಳಲ್ಲಿ ಮೆಣಸಿನಕಾಯಿ ಪುಡಿಪುಡಿಯಾಗಿತ್ತು.

"ಇರಲಿ ಸರ್," ಎಂದೆ.

"ಏನು?"

"ನಡದದ್ದು ಹಂಗ ಇರಲಿ. ಹೊಡಿಯೂದಿಲ್ಲ."

ವಿರೂಪಾಕ್ಷಪ್ಪನವರು ನನ್ನನ್ನು ನೋಡಿದರು, ಅವರನ್ನು ನೋಡಿದರು. ಮೂವತ್ತು ವರ್ಷದ ಸರ್ವಿಸು. "ಇಡೋದಾದ್ರ ಕಾರಣ ಬರೀಬೇಕು," ಎಂದರು. "ಗಾಳಿ ನಿಂತ ಮ್ಯಾಲೂ ಯಾಕ ಹಿಡಕೊಂಡಿದ್ರಿ?"

ನಾನು ಪೆನ್ನು ತೆಗೆದುಕೊಂಡೆ. ಒಳ್ಳೆಯ ಮಾತುಗಳು ಎಷ್ಟೋ ಗೊತ್ತಿದ್ದವು. ಒಂದೂ ಬೇಡವೆನ್ನಿಸಿತು. 'ಬಿಡಲು ಮನಸ್ಸಾಗಲಿಲ್ಲ' ಎಂದು ಬರೆದೆ.

ಪದ್ಧತಿ ಎಂದರೆ ಪದ್ಧತಿ. ಆರ್.ಐ. ಸಾಹೇಬರು ಅದನ್ನು ಎಲ್ಲರ ಮುಂದೆ, ಪಕ್ಕದ ಊರಿಗೆ ಕೇಳುವಂತೆ ಓದಿದರು. ತುಂಬು ಬಿಡಿಸುವ ಹೆಂಗಸರು ಕಿಲಕಿಲ ನಕ್ಕರು. ಗುತ್ತೆವ್ವ ದೂರದಿಂದಲೇ ನನಗೆ ನೆಟಿಗೆ ಮುರಿದಳು.

"ನಿಂದೂ ತಿದ್ದಬೇಕಪಾ," ಎಂದು ಸಾಹೇಬರು ಪ್ರೇಮಕುಮಾರರತ್ತ ತಿರುಗಿದರು. "ಗಾಳಿ ನಿಂತ ಮ್ಯಾಲೆ ತಗಡು ಹಾರತಿರಲಿಲ್ಲ. ಮತ್ತ ಕೈ ಯಾಕ ತಲಿ ಮ್ಯಾಲೆ ಇತ್ತು?"

ಆ ಜೇನಿನ ಕಣ್ಣುಗಳು ಎಲ್ಲರೆದುರು, ಅವಸರವಿಲ್ಲದೆ, ನನ್ನ ಮೇಲೆ ಬಂದು ನಿಂತವು.

"ಮೇಡಂ ಬರದಾರಲ್ರಿ," ಎಂದರು. "ನನಗೂ ಅದ ಕಾರಣ ಬರೀರಿ ಸಾಹೇಬ್ರ."

ಕಾರ್ಬನ್ ಹಾಳೆ ಮುಗಿದಿತ್ತು. ಮೂರು ಪ್ರತಿ ಬೇಕಿತ್ತು. ಸಾಹೇಬರು ಮೋಟಾರ್ ಸೈಕಲ್ ಹತ್ತಿ ಹೋದರು, ಮಂದಿ ಚೆದುರಿತು. ಮೇಜಿನ ಆ ಬದಿಗೆ ಅವರು, ಈ ಬದಿಗೆ ನಾನು. ಮೊದಲ ಪ್ರತಿ ಬರೆದೆ. ಎರಡನೆಯದು ಬರೆದೆ. ಮೂರನೆಯ ಪ್ರತಿಯ ಆ ಸಾಲಿಗೆ ಬಂದಾಗ ನನ್ನ ಕೈ ತಾನಾಗಿ ನಿಧಾನವಾಯಿತು.

"ಲಗೂ ಬರೀರಿ," ಎಂದರು ಮೆಲ್ಲಗೆ. "ಐದರ ಹಾವೇರಿ ಬಸ್ ಹೊಂಟೈತಿ. ಅಲ್ಲಿ ನೋಡ್ರಿ, ತಿರುವಿನ್ಯಾಗ."

ನಾನು ತಲೆ ಎತ್ತಲಿಲ್ಲ.

"ಹೋಗಲಿ ಬಿಡ್ರಿ," ಎಂದೆ.